ಪೀಸ್ ಲಿಲಿಯ ಬಯಕೆ ಊಟ

ಗಂಡಸಿಗೆ ಮನೆಯಲ್ಲಿ ಒಂದು ಮೂಲೆಯಾದರೂ ಸ್ವಂತದ್ದು ಇರಬೇಕು ಎಂದು ನಂಬಿದವನು ನಾನು. ಟಿ.ವಿ. ರಿಮೋಟು ಹೆಂಡತಿಯದು, ಅಡುಗೆಮನೆ ಹೆಂಡತಿಯದು, ಬೀರುವಿನ ನಾಲ್ಕು ಖಾನೆಗಳಲ್ಲಿ ಮೂರೂಮುಕ್ಕಾಲು ಹೆಂಡತಿಯದು. (ಉಳಿದ ಕಾಲು ಖಾನೆಯಲ್ಲಿ ನನ್ನ ಬನಿಯನ್ನುಗಳ ಜೊತೆ ಅವಳ ಹಳೆಯ ಶಾಲುಗಳೂ ಇವೆ.) ಹೀಗಿರುವಾಗ ಹಾಲ್‌ನ ಕಿಟಕಿಯ ಪಕ್ಕ ಮೂರು ಅಂತಸ್ತಿನ ಒಂದು ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಹನ್ನೊಂದು ಕುಂಡ ಜೋಡಿಸಿ, "ಇದು ನನ್ನ ರಾಜ್ಯ" ಎಂದು ಘೋಷಿಸಿಕೊಂಡೆನಲ್ಲ, ಅದೇ ತಪ್ಪಾಯಿತು. ರಾಜ್ಯ ಅಂದ ಮೇಲೆ ಪ್ರಜೆಗಳಿಗೆ ಊಟ ಹಾಕಬೇಕು. ನನ್ನ ಕಷ್ಟವೆಲ್ಲ ಶುರುವಾಗಿದ್ದು ಆ ಊಟದಿಂದ.

ನನ್ನ ಹೆಸರು ಸುರೇಂದ್ರ. ಸಾಗರದ ಒಂದು ಸಹಕಾರ ಸಂಘದಲ್ಲಿ ಕೆಲಸ. ಹೆಂಡತಿ ಶ್ಯಾಮಲಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಾವಿರುವುದು ಮಾಸ್ತಪ್ಪನವರ ಮನೆಯ ಮಹಡಿಯ ಮೇಲೆ, ಬಾಡಿಗೆಗೆ. ಈ ಮನೆಯೆಂದರೆ ಶ್ಯಾಮಲಾಗೆ ಪ್ರಾಣ. ಶಾಲೆಯ ಮೊದಲ ಬೆಲ್ಲು ಕೇಳಿದ ಮೇಲೆ ಚಪ್ಪಲಿ ಮೆಟ್ಟಿದರೂ ಎರಡನೇ ಬೆಲ್ಲಿಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿರಬಹುದು. ಮಧ್ಯಾಹ್ನ ಮನೆಗೇ ಬಂದು ಬಿಸಿ ಅನ್ನ ಉಣ್ಣಬಹುದು. ಇಂಥ ಮನೆ ಸಾಗರದಲ್ಲಿ ಇನ್ನೊಂದಿಲ್ಲ ಎನ್ನುತ್ತಾಳೆ. ಇಂಥ ಗಂಡನೂ ಇನ್ನೊಬ್ಬನಿಲ್ಲ ಎಂದು ಹೇಳುವುದೂ ಉಂಟು, ಆದರೆ ಆಗ ಧ್ವನಿ ಬೇರೆ.

ಇನ್ನು ಮನೆಯ ಮಾಲೀಕರು. ಮಾಸ್ತಪ್ಪನವರು ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡುಗಳಲ್ಲಿ ಬೆಲ್ಲದ ಕೊಳೆ ಹುಡುಕಿಯೇ ಸರ್ವಿಸು ಮುಗಿಸಿದರು. ಬೆಲ್ಲವನ್ನು ನೀರಿನಲ್ಲಿ ಕೊಳೆಯಿಸಿ ಕಳ್ಳಭಟ್ಟಿ ಇಳಿಸುವವರು ಆ ಕೊಳೆಯ ಮಡಕೆಗಳನ್ನು ಮಣ್ಣಿನಲ್ಲಿ ಹೂತಿಡುತ್ತಿದ್ದರಂತೆ. ಮಾಸ್ತಪ್ಪನವರು ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಚುಚ್ಚಿ, ತೆಗೆದು, ತುದಿಯನ್ನು ಮೂಸಿ "ಇಲ್ಲೇ ಅಗೀರಿ" ಎಂದರೆ ಅಲ್ಲೇ ಸಿಗುತ್ತಿತ್ತಂತೆ. ನಿವೃತ್ತಿಯ ದಿನ ಇಲಾಖೆ ಯೂನಿಫಾರ್ಮು ವಾಪಸು ತೆಗೆದುಕೊಂಡಿತು. ಮೂಗು ಮಾತ್ರ ಅವರ ಹತ್ತಿರವೇ ಉಳಿಯಿತು. ಸರಳೂ ಉಳಿದಿದೆ, ಬಾಗಿಲ ಹಿಂದೆ.

ಇಂಥ ಮೂಗಿನ ಮಹಡಿಯ ಮೇಲೆ ಕೂತು ನಾನು ದ್ರವರೂಪಿ ಸಾವಯವ ಗೊಬ್ಬರ ತಯಾರಿಸಲು ಹೊರಟೆ.

ಮೊಬೈಲಿನಲ್ಲಿ ಗುರುಗಳಿಗೇನು ಬರ? ಒಬ್ಬರು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಎಂದರು, ನೆನೆಸಿದೆ. ಇನ್ನೊಬ್ಬರು ಹಿಂಡಿ ಕೊಳೆಸಿದ ತಿಳಿ ಎಂದರು, ಕೊಳೆಸಿದೆ. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಗಂಜಲ, ಈರುಳ್ಳಿ ಸಿಪ್ಪೆಯ ಕಷಾಯ, ಒಂದನ್ನೂ ಬಿಡಲಿಲ್ಲ. ಬಚ್ಚಲಿನಲ್ಲಿ ಬಾಟಲಿಗಳ ಸಾಲು ಬೆಳೆಯಿತು. ಶ್ಯಾಮಲಾ ಮೂಗಿಗೆ ಸೆರಗು ಒತ್ತಿಕೊಂಡೇ ಸ್ನಾನಕ್ಕೆ ಹೋಗತೊಡಗಿದಳು.

"ಅಲ್ರೀ, ಗಿಡಕ್ಕೆ ಇಷ್ಟೆಲ್ಲ ಯಾಕೆ? ನಮ್ ತವರಲ್ಲಿ ಗದ್ದೆಗೂ ಇಷ್ಟು ಬಗೆ ಬಡ್ಸಲ್ಲ."

"ಪೂರ್ತಿ ಸಾವಯವ ಕಣೆ. ಒಂದು ತೊಟ್ಟು ಕೆಮಿಕಲ್ ಇಲ್ಲ. ಬೇಕಾದ್ರೆ ಬಾಯಿಗೆ ಹಾಕ್ಕೊಂಡು ತೋರಿಸ್ಲಾ? ಎಂತೂ ಆಗಲ್ಲ!"

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಶ್ಯಾಮಲಾ ಇಟ್ಟುಕೊಂಡಿದ್ದಳು.

ಗಿಡಗಳಿಗೆ ಏನಾಯಿತು ಎಂದು ಕೇಳುತ್ತೀರಾ? ನೆಂಟರ ಮನೆಯಲ್ಲಿ ಒತ್ತಾಯಕ್ಕೆ ಉಂಡ ಮಗುವಿನ ಹಾಗೆ ಹೊಟ್ಟೆ ಕೆಡಿಸಿಕೊಂಡವು. ಮನಿ ಪ್ಲಾಂಟ್ ಹಳದಿಯಾಯಿತು. ಅರೇಕಾ ಪಾಮ್‌ನ ತುದಿ ಒಣಗಿತು. ಪೀಸ್ ಲಿಲಿ ಎಂಬ ಬಿಳಿ ಹೂವಿನ ಸುಂದರಿ ತಲೆಬಾಗಿಸಿ ನಿಂತಳು. ಕೊಟ್ಟಿದ್ದು ಹೆಚ್ಚಾಯಿತು ಎಂದು ಯಾರಿಗಾದರೂ ಹೊಳೆಯಬೇಕು. ನನಗೆ ಹೊಳೆದದ್ದು, ಕೊಟ್ಟಿದ್ದು ಸಾಲದು ಎಂದು.

ಹಾಗಾಗಿ ಮೀನಿಗೆ ಬಂದೆ. ಹೊನ್ನಾವರದ ಕಡೆಯಿಂದ ಬರುವ ಬಂಗುಡೆಯ ತಲೆ, ಕರುಳುಗಳನ್ನು ಮಾರ್ಕೆಟ್ಟಿನಿಂದ ಕೇಳಿ ತಂದೆ. ಅದರಷ್ಟೇ ಬೆಲ್ಲ ಬೆರೆಸಿ ನೀರಿನ ಕ್ಯಾನಿನಲ್ಲಿ ತುಂಬಿ, ಯಾರಿಗೂ ವಾಸನೆ ಹೋಗದಿರಲೆಂದು ಮುಚ್ಚಳವನ್ನು ಇಕ್ಕಳದಿಂದ ಬಿಗಿದು, ಮೆಟ್ಟಿಲ ಕೆಳಗೆ ಬಚ್ಚಿಟ್ಟೆ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಬಿಡಬೇಕು ಎಂದು ಗುರುಗಳು ವೀಡಿಯೋದ ಕೊನೆಯಲ್ಲಿ ಹೇಳಿದ್ದರು. (ಕೊನೆಯವರೆಗೂ ಯಾರು ನೋಡುತ್ತಾರೆ?) ವರಮಹಾಲಕ್ಷ್ಮಿ ಹಬ್ಬದ ಸಂಜೆ, ಮಾಸ್ತಪ್ಪನವರ ಹೆಂಡತಿ ಪುಷ್ಪಮ್ಮನವರು ಕರೆದಿದ್ದ ಮುತ್ತೈದೆಯರು ರೇಷ್ಮೆ ಸೀರೆಯಲ್ಲಿ ಸಾಲಾಗಿ ಬಂದು ಮೆಟ್ಟಿಲ ಪಕ್ಕ ಚಪ್ಪಲಿ ಬಿಡುತ್ತಿರುವಾಗ, ಆ ಕ್ಯಾನು ಢಮಾರ್ ಎಂದಿತು.

ವಿವರ ಬೇಡ. ಮುತ್ತೈದೆಯರು ಅರಿಶಿನ ಕುಂಕುಮ ತೆಗೆದುಕೊಳ್ಳುವ ಮೊದಲೇ ಸ್ನಾನಕ್ಕೆ ಹೊರಟರು ಎಂದರೆ ಸಾಕು. ಮಾಸ್ತಪ್ಪನವರು ಓಡಿ ಬಂದು ಒಮ್ಮೆ ಮೂಸಿದರು. ಕಣ್ಣಲ್ಲಿ ಹಳೆಯ ಹೊಳಪು ಬಂತು.

"ಬೆಲ್ಲದ ಕೊಳೆ!" ಎಂದರು. ಮತ್ತೊಮ್ಮೆ ಮೂಸಿ ಗೊಂದಲಕ್ಕೆ ಬಿದ್ದರು. "ಮೀನು? ನನ್ನ ಸರ್ವಿಸ್ಸಲ್ಲೇ ಮೀನು ಹಾಕಿ ಭಟ್ಟಿ ಇಳಿಸೋರ್ನ ನೋಡಿಲ್ಲ ಮಾರಾಯ್ರೆ. ಎಂಥ ಜನ ನೀವು?"

ಗೊಬ್ಬರ ಎಂದು ನಂಬಿಸುವುದರೊಳಗೆ ಸಾಕಾಯಿತು. ಕೊನೆಗೆ ಅವರು ಕೊಟ್ಟ ತೀರ್ಪು ಹೀಗಿತ್ತು. "ನೋಡಿ ಸುರೇಂದ್ರ, ಟೀಚರಮ್ಮನ ಮುಖ ನೋಡಿ ಇವತ್ತು ಸುಮ್ನಿದೀನಿ. ಇನ್ನೊಂದ್ ಸಲ ನನ್ನ ಮೂಗಿಗೆ ಈ ನಮೂನೆ ವಾಸ್ನೆ ಬಂತೋ, ದೀಪಾವಳಿ ಬೇರೆ ಮನೇಲಿ ಮಾಡ್ಕಳಿ."

ಅಂದು ರಾತ್ರಿಯೇ ಬಚ್ಚಲಿನ ಬಾಟಲಿಗಳೆಲ್ಲ ಮೋರಿ ಸೇರಿದವು. ಶ್ಯಾಮಲಾಳ ತಲೆ ಮುಟ್ಟಿ, ಇನ್ನು ಮುಂದೆ ಕುಂಡಕ್ಕೆ ಬರೀ ನೀರು ಎಂದು ಆಣೆ ಮಾಡಿದೆ. ಆಣೆಯನ್ನು ಅಕ್ಷರಶಃ ಪಾಲಿಸಿದೆ ಕೂಡ. ನಂಬಿ, ಪಾಲಿಸಿದೆ. ಮುಂದೆ ನಡೆದದ್ದನ್ನು ಕೇಳಿದಾಗ ನಿಮಗೆ ಅನುಮಾನ ಬರಬಾರದು ಎಂದು ಎರಡು ಸಲ ಹೇಳುತ್ತಿದ್ದೇನೆ.

ಇಂಥ ಹೊತ್ತಿನಲ್ಲಿ ನಮ್ಮತ್ತೆ ಹೂವಮ್ಮನವರು ನಿಟ್ಟೂರಿನಿಂದ ಬಂದರು, ಕಣ್ಣಿನ ಪೊರೆಯ ಆಪರೇಷನ್ನಿಗೆ. ಆಪರೇಷನ್ ಸಲೀಸಾಗಿ ಆಯಿತು. ಡಾಕ್ಟರು ಕರಿ ಕನ್ನಡಕ ಹಾಕಿಸಿ, "ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು, ನಾನು ಹೇಳುವ ತನಕ ಊರಿಗೆ ಹೊರಡಬಾರದು" ಎಂದು ಕಳಿಸಿದರು. ಅತ್ತೆಯವರು ಆಸ್ಪತ್ರೆಯಿಂದ ಬಂದ ಮೊದಲ ದಿನವೇ ಒಂದು ಕಣ್ಣಿನಲ್ಲಿ ನನ್ನ ರಾಜ್ಯದ ಪರಿಶೀಲನೆ ನಡೆಸಿದರು. ಮನಿ ಪ್ಲಾಂಟಿನ ಎಲೆ ಸವರಿದರು.

"ಇದೆಂಥ, ವೀಳ್ಯದೆಲೆ ಬಳ್ಳಿಯಾ?"

"ಅಲ್ಲ ಅತ್ತೆಮ್ಮ, ಮನಿ ಪ್ಲಾಂಟ್. ತಿನ್ನಕ್ಕೆ ಬರಲ್ಲ."

"ಹೂವು?"

"ಬಿಡಲ್ಲ."

"ಕಾಯಿ?"

"ಇಲ್ಲ."

"ಮತ್ತೆಂತಕ್ಕೆ ಸಾಕಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅರೇಕಾ ಪಾಮ್ ಕಡೆ ತಿರುಗಿದರು. "ಇದು ಅಡಿಕೆ ಸಸಿ ಕಂಡ ಹಾಗೆ ಕಾಣ್ತದೆ."

"ಅದರ ನೆಂಟ ಅತ್ತೆಮ್ಮ. ಮನೆಯೊಳಗೆ ಅಂದಕ್ಕೆ ಇಡೋದು. ನರ್ಸರಿಯಿಂದ ತಂದಿದ್ದು."

"ದುಡ್ಡು ಕೊಟ್ಟಾ?" ಎಂದವರು ಮಗಳ ಕಡೆ ತಿರುಗಿ, ಧ್ವನಿ ತಗ್ಗಿಸಿ (ನನಗೆ ಕೇಳುವಷ್ಟು ಮಾತ್ರ ತಗ್ಗಿಸಿ) ಹೇಳಿದರು. "ಅಡಿಕೆ ಸೀಮೆಲಿ ಕೂತ್ಕಂಡು ಕಾಯಿ ಬಿಡದಿರೋ ಅಡಿಕೆ ಸಸಿಗೆ ದುಡ್ಡು ಕೊಟ್ಟಾರಲ್ಲೇ. ಅಳಿಯಂದ್ರ ಕಣ್ಣೂ ಒಂದ್ಸಲ ಡಾಕ್ಟ್ರಿಗೆ ತೋರ್ಸು."

ಶೀಗಿ ಹುಣ್ಣಿಮೆ ಹತ್ತಿರ ಬಂತು. ನಮ್ಮ ಕಡೆ ಅದು ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ತೆನೆಯನ್ನು ಒಡಲಲ್ಲಿಟ್ಟುಕೊಂಡು, ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಬೇಡವೇ? ಬಗೆಬಗೆಯ ಸೊಪ್ಪುಗಳನ್ನು ತಂದು ಅಕ್ಕಿಯ ಜೊತೆ ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ, ಬಾಳೆಲೆಯಲ್ಲಿ ಬೆಲ್ಲ ಹಾಕಿದ ಸೌತೆಕಾಯಿ ಕಡುಬು ಕಟ್ಟುತ್ತಾರೆ. ಚಿತ್ತಾರ ಬರೆದ ಬುಟ್ಟಿಯಲ್ಲಿ ಅದನ್ನು ಹೊತ್ತು ಮನೆ ಯಜಮಾನ ನಸುಕಿನಲ್ಲೇ ಗದ್ದೆಗೆ ಹೋಗಿ ಬೀರುತ್ತಾನೆ. ತಾಯಿ ಉಣ್ಣಲಿ ಎಂದು ಹೇಳಿ, ಊರಿಗೆ ಕೇಳುವ ಹಾಗೆ "ಹೂಯ್" ಎಂದು ಕೂಗುತ್ತಾನೆ.

ಅತ್ತೆಯವರು ಮದುವೆಯಾಗಿ ಬಂದಂದಿನಿಂದ ಒಂದು ವರ್ಷವೂ ಇದನ್ನು ತಪ್ಪಿಸಿದವರಲ್ಲ. ಮಗ ವಿನೋದ್ ಊರಿನಲ್ಲಿ ಮಾಡುತ್ತಾನೆ, ಸೊಸೆ ಕಡುಬು ಕಟ್ಟುತ್ತಾಳೆ, ಯಾವುದಕ್ಕೂ ಕೊರತೆಯಿಲ್ಲ. ಆದರೂ ಅತ್ತೆಯವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಅವಳು ಬಸುರಿಯಾಗಿ ನಿಂತಿರ್ತಾಳೆ, ನಾನಿಲ್ಲಿ ಫ್ಯಾನಿನ ಕೆಳಗೆ ಕೂತಿರದು" ಎನ್ನುವಾಗ ಕರಿ ಕನ್ನಡಕದ ಕೆಳಗಿನಿಂದ ನೀರು ಇಳಿಯಿತು. ಆಪರೇಷನ್ ಆದ ಕಣ್ಣಿನಲ್ಲಿ ಅಳಬಾರದು ಎಂದು ಶ್ಯಾಮಲಾ ತಾನೂ ಅಳತೊಡಗಿದಳು. ನನಗೂ ನಿಜಕ್ಕೂ ಸಂಕಟವಾಯಿತು.

ಆಗ ಅತ್ತೆಯವರು ತಲೆಯೆತ್ತಿ ಕುಂಡಗಳ ಕಡೆ ನೋಡಿದರು. "ಅಳಿಯಂದ್ರೇ, ಇದರೊಳಗೆ ಇರೋದು ಮಣ್ಣೇ ಅಲ್ಲನಾ?"

ಮಣ್ಣೇ ಎಂದು ಒಪ್ಪಿಕೊಂಡೆ.

"ಮಣ್ಣಿದ್ದಲ್ಲಿ ತಾಯಿ ಇದಾಳೆ. ಇಲ್ಲೇ ಮಾಡೋಣ."

ಶ್ಯಾಮಲಾಳ ಅಳು ತಟ್ಟನೆ ನಿಂತಿತು. "ಅಮ್ಮಾ! ಹಾಲ್‌ನಲ್ಲಾ? ಹಚ್ಚಂಬಲಿ ಈ ಕುಂಡಕ್ಕೆ ಹೊಯ್ದರೆ ಎರಡು ದಿನಕ್ಕೆ ನಾತ ಬರತ್ತೆ. ಕೆಳಗೆ ಮಾಸ್ತಪ್ಪನವರು ಇದಾರೆ. ಮನೆ ಬಿಡಿಸ್ತಾರೆ ಕಣಮ್ಮ!"

ತಾಯಿ ಮಗಳ ನಡುವೆ ಒಂದು ಒಪ್ಪಂದವಾಯಿತು. (ನನ್ನನ್ನು ಯಾರೂ ಕೇಳಲಿಲ್ಲ. ರಾಜ್ಯ ನನ್ನದು ಅಷ್ಟೆ.) ಒಂದೇ ಕುಂಡಕ್ಕೆ, ಒಂದೇ ಚಮಚ, ಶಾಸ್ತ್ರಕ್ಕೆ. ಉಳಿದದ್ದು ಹಿತ್ತಲಿನ ತೆಂಗಿನ ಬುಡಕ್ಕೆ. ಕೂಗುವುದು ಬೇಡವೇ ಬೇಡ.

ವಿನೋದ್ ನಿಟ್ಟೂರಿನ ಬಸ್ಸಿನಲ್ಲಿ ಸೊಪ್ಪಿನ ಗಂಟನ್ನೂ ಚಿತ್ತಾರದ ಬುಟ್ಟಿಯನ್ನೂ ಕಳಿಸಿದ. ಹುಣ್ಣಿಮೆಯ ನಸುಕಿಗೆ ನಾನು ಮಿಂದು, ಪಂಚೆ ಉಟ್ಟು, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅಡುಗೆಮನೆಯಿಂದ ಹಾಲ್‌ವರೆಗೆ ಮೆರವಣಿಗೆ ಹೊರಟೆ. ದಾರಿಯಲ್ಲಿ ಸೀಲಿಂಗ್ ಫ್ಯಾನು ಸಿಕ್ಕಿತು, ಬಗ್ಗಿದೆ. ಅತ್ತೆಯವರು ಕುಂಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಪೀಸ್ ಲಿಲಿಯ ಹತ್ತಿರ ನಿಂತರು. ನನ್ನ ಉಪಚಾರ ನಿಂತ ಮೇಲೆ ಅದು ಚೇತರಿಸಿಕೊಂಡು ಒಂದು ಮೊಗ್ಗನ್ನು ಎಲೆಯೊಳಗೆ ಬಚ್ಚಿಟ್ಟುಕೊಂಡಿತ್ತು.

"ಇವಳೇ ಬಸುರಿ" ಎಂದು ತೀರ್ಮಾನ ಕೊಟ್ಟರು. "ಶ್ಯಾಮಲಾ, ತಾಳಿ ತೆಗ್ದು ಹಾಕೇ."

ಗದ್ದೆಯಲ್ಲಿ ಪೈರಿಗೆ ಹಾಗೆ ಮಾಡುವುದುಂಟು. ಆದರೂ ನಾನು ಕಟ್ಟಿದ ತಾಳಿ ನನ್ನ ಕಣ್ಣೆದುರೇ ಇನ್ನೊಬ್ಬಳ ಕೊರಳಿಗೆ ಹೋಗುವಾಗ ಹೇಗೆಹೇಗೋ ಆಯಿತು. ಪೂಜೆಯಾಯಿತು. ಒಂದು ಚಮಚ ಹಚ್ಚಂಬಲಿ ಬಡಿಸಿದೆ. ಶ್ಯಾಮಲಾ ಚಮಚದ ಅಳತೆ ಹತ್ತಿರದಿಂದಲೇ ನೋಡಿದಳು.

"ಕೂಗದಿದ್ರೆ ಅವಳಿಗೆ ಗೊತ್ತಾಗದು ಹೆಂಗೆ?" ಎಂದು ಅತ್ತೆಯವರು ಗೊಣಗಿದರು.

ನಾನು ಪೀಸ್ ಲಿಲಿಯ ಬಳಿಗೆ ಬಾಯಿ ಒಯ್ದು, ಬ್ಯಾಂಕಿನಲ್ಲಿ ಪಾಸ್‌ವರ್ಡ್ ಹೇಳುವವನಂತೆ, "ಹೂಯ್" ಎಂದು ಪಿಸುಗುಟ್ಟಿದೆ.

ಮರುದಿನ ಸಂಜೆ ಕಡುಬಿನ ಪಾತ್ರೆ ಖಾಲಿ ಇತ್ತು. ಶ್ಯಾಮಲಾ ನನ್ನನ್ನು ಮೇಲಿಂದ ಕೆಳಗೆ ನೋಡಿ "ಅಷ್ಟನ್ನೂ ತಿಂದ್ರಾ? ಸಕ್ಕರೆ ಇದೆ ಅಂತ ಡಾಕ್ಟ್ರು ಹೇಳಿದ್ದು ಮರ್ತೋಯ್ತಾ?" ಎಂದಳು. ನೀನೇ ಪುಷ್ಪಮ್ಮನವರಿಗೆ ಕೊಟ್ಟಿರಬೇಕು ಎಂದು ನಾನು ಎಂದೆ. ಅತ್ತೆಯವರು ಕರಿ ಕನ್ನಡಕದೊಳಗೆ ಕೂತು ರೇಡಿಯೋ ಕೇಳುತ್ತಿದ್ದರು.

ಮುಂದಿನ ಹತ್ತು ಹನ್ನೆರಡು ದಿನ ನನ್ನ ಬಾಳಿನ ಸುವರ್ಣಯುಗ. ಮೇಲಿನ ಎರಡು ಅಂತಸ್ತಿನ ಗಿಡಗಳು ಎದ್ದು ನಿಂತವು. ಮನಿ ಪ್ಲಾಂಟು ಹೊಸ ಚಿಗುರು ಚಾಚಿತು. ಕೆಳಗಿನ ಸಾಲು ಮಾತ್ರ ಯಾಕೋ ಹಾಗೇ ಹಳದಿ. ಇದು ನನ್ನ "ಉಪವಾಸ ಚಿಕಿತ್ಸೆ"ಯ ಫಲ, ಮೇಲಿನವಕ್ಕೆ ಬೆಳಕು ಹೆಚ್ಚು ಎಂದು ಶ್ಯಾಮಲಾಗೆ ವಿವರಿಸಿದೆ. ಅವಳು ಮೂಗು ಮುದುಡಿದಳು. ಅದು ನನ್ನ ವಿವರಣೆಗೆ ಎಂದುಕೊಂಡೆ. ಅಲ್ಲ, ವಾಸನೆಗೆ. ಹುಳಿಹುಳಿ, ಸಿಹಿಸಿಹಿ, ಏನೋ ಉಕ್ಕುತ್ತಿರುವಂಥ ವಾಸನೆ.

"ರೀ... ಮತ್ತೆ ಶುರು ಮಾಡಿದ್ರಾ?"

"ನಿನ್ನಾಣೆ ಇಲ್ಲ ಕಣೆ. ಮೋರಿ ಕಟ್ಕಂಡಿರ್ಬೇಕು."

"ನನ್ನಾಣೆ ಹಾಕ್ಬೇಡಿ, ನಾನಿನ್ನೂ ಬದುಕ್ಬೇಕು. ನಿಮ್ಮ ಮೇಲೆ ಹಾಕ್ಕೊಳ್ಳಿ!"

ದೀಪಾವಳಿಗೆ ಇನ್ನೇನು ಎರಡು ಮೂರು ದಿನ ಇರುವಾಗ, ಬೆಳಗ್ಗೆ ಒಂಬತ್ತರ ಸುಮಾರಿಗೆ, ಶ್ಯಾಮಲಾ ಜಡೆ ಹಾಕಿಕೊಳ್ಳುತ್ತಿರುವಾಗ, ನಾನು ಆಫೀಸಿಗೆಂದು ಶರ್ಟಿನ ಗುಂಡಿ ಹಾಕುತ್ತಿರುವಾಗ, ಮೆಟ್ಟಿಲ ಮೇಲೆ ಟಕ್ ಟಕ್ ಎಂದು ಕಬ್ಬಿಣದ ಶಬ್ದ ಕೇಳಿತು. ಬಾಗಿಲು ತೆರೆದರೆ ಮಾಸ್ತಪ್ಪನವರು. ಕೈಯಲ್ಲಿ ಸರಳು. ಹಿಂದೆ ಪುಷ್ಪಮ್ಮನವರು. ರೇಡ್ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು.

"ಮೂರು ದಿನದಿಂದ ತಡ್ಕಂಡಿದೀನಿ" ಎಂದರು. "ಅಕ್ಕಿ ಇದೆ, ಬೆಲ್ಲ ಇದೆ, ಚೆನ್ನಾಗಿ ಕೊಳ್ತಿದೆ. ಈ ಸಲ ಮೀನಿಲ್ಲ. ಎಲ್ಲಿಟ್ಟಿದೀರಿ ಹೇಳಿ."

ಶ್ಯಾಮಲಾ ಕೈಯಲ್ಲಿ ಅರ್ಧ ಜಡೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಎರಡನೇ ಬೆಲ್ಲು, ಮಧ್ಯಾಹ್ನದ ಬಿಸಿ ಅನ್ನ, ಎಲ್ಲ ಲಾರಿ ಹತ್ತಿ ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ನಾನು ಪೂರ್ತಿ ನಿರಪರಾಧಿ. ನಿರಪರಾಧಿಗೆ ಬರುವ ಸಿಟ್ಟೇ ಬೇರೆ. ಎದೆಯುಬ್ಬಿಸಿ, ಹರಿಶ್ಚಂದ್ರನ ಠೀವಿಯಲ್ಲಿ ಕುಂಡಗಳ ಮುಂದೆ ನಿಂತೆ.

"ಮಾಸ್ತಪ್ಪನವರೇ, ಚುಚ್ಚಿ ನೋಡಿ! ಈ ಮಣ್ಣಲ್ಲಿ ನೀರು ಬಿಟ್ಟು ಬೇರೆ ಎಂತಾದ್ರೂ ಸಿಕ್ಕಿದ್ರೆ, ನಿಮ್ಮೆಲ್ರ ಎದುರಿಗೆ, ಇಲ್ಲೇ ನಿಂತ್ಕಂಡು, ಅದನ್ನ ನಾನು ತಿಂತೀನಿ!"

ಮಾಸ್ತಪ್ಪನವರು ಮನಿ ಪ್ಲಾಂಟಿನ ಬುಡಕ್ಕೆ ಸರಳು ಚುಚ್ಚಿದರು, ತಿರುವಿದರು, ಮೇಲೆತ್ತಿದರು. ತುದಿಯಲ್ಲಿ, ಕಪ್ಪಾದ ಬಾಳೆಲೆ ಸುತ್ತಿದ ಒಂದು ಪೊಟ್ಟಣ. ಅದರೊಳಗಿಂದ ನೊರೆ ಬುಸ್ಸೆಂದಿತು.

ಎರಡನೇ ಕುಂಡ, ಇನ್ನೊಂದು ಪೊಟ್ಟಣ. ಮೂರನೆಯದು, ಮತ್ತೊಂದು. ಮೇಲಿನ ಎರಡು ಅಂತಸ್ತಿನಲ್ಲಿ ಒಂದು ಕುಂಡವೂ ಖಾಲಿ ಹೋಗಲಿಲ್ಲ. ಪುಷ್ಪಮ್ಮನವರು "ರಾಮ ರಾಮ" ಎಂದರು. ಶ್ಯಾಮಲಾ ಪೊಟ್ಟಣಗಳನ್ನು ಎಣಿಸತೊಡಗಿದಳು, ಅದೇ ಭಯ. ನನ್ನ ಮನೆಯಲ್ಲಿ, ನನ್ನ ಕುಂಡದಲ್ಲಿ, ನನಗೇ ತಿಳಿಯದೆ ಇಷ್ಟು ವ್ಯವಹಾರ ನಡೆದಿದೆ ಎಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಕೋಣೆಯಿಂದ ಕರಿ ಕನ್ನಡಕ ಹೊರಗೆ ಬಂತು.

"ಅಯ್ಯಯ್ಯೋ! ಅದನ್ನೆಂತಕ್ಕೆ ತೆಗೆದ್ರಿ? ಕೊಯ್ಲಿಗೆ ಮುಂಚೆ ತೆಗೀಬಾರ್ದು!"

ಎಲ್ಲರೂ ಅತ್ತೆಯವರ ಕಡೆ ತಿರುಗಿದೆವು.

"ಒಬ್ಳಿಗೆ ಒಂದು ಚಮಚ ಉಣ್ಸಿ, ಉಳಿದೋರ್ನ ಉಪವಾಸ ಕೆಡವೋದಾ? ನನ್ನ ಮನಸ್ಸು ತಡೀಲಿಲ್ಲ. ನೀವಿಬ್ರೂ ಕೆಲಸಕ್ಕೆ ಹೋದ್ಮೇಲೆ ಎಲ್ರಿಗೂ ಹಚ್ಚಂಬಲಿ ಬಡ್ಸಿ, ಒಂದೊಂದು ಕಡುಬು ಹೂತಿಟ್ಟೆ. ಕೆಳಗಿನ ಸಾಲಿಗೆ ಬಗ್ಗಕ್ಕಾಗ್ಲಿಲ್ಲ, ಡಾಕ್ಟ್ರು ಬೇಡ ಅಂದಿದಾರಲ್ಲ. ಪಾಪ, ಅವ್ರು ಇನ್ನೂ ಹಸ್ಕೊಂಡಿದಾರೆ."

ಮಾಸ್ತಪ್ಪನವರ ಕೈಯಿಂದ ಸರಳು ಸೋಫಾದ ಮೇಲೆ ಬಿತ್ತು. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಮ್ಮಾ, ಇದು ಭೂಮಿ ಹುಣ್ಣಿಮೆ ಕಡುಬಾ?"

"ಹೌದಪ್ಪ. ಸೌತೆಕಾಯಿದು."

ಆ ಮನುಷ್ಯ ಪೊಟ್ಟಣವನ್ನು ಮತ್ತೊಮ್ಮೆ ಮೂಗಿಗೆ ಹಿಡಿದರು. ಆಮೇಲೆ ಹೇಳಿದರು. "ಪ್ರತಿ ಶೀಗಿ ಹುಣ್ಣಿಮೆಗೂ ನನಗೆ ಡ್ಯೂಟಿ. ಅವ್ವ ನನ್ನ ಪಾಲಿನ ಕಡುಬು ಎತ್ತಿಟ್ಟಿರ್ತಿದ್ಲು. ಕಾಡಿಂದ ಬರೋದ್ರೊಳಗೆ ಎರಡು ದಿನ ಆಗಿ ಹುಳಿ ಬಂದಿರ್ತಿತ್ತು. ಹಂಗೇ ತಿಂತಿದ್ದೆ. ಮೂರು ದಿನದಿಂದ ಕೆಳಗೆ ಕೂತು ಯೋಚ್ನೆ ಮಾಡ್ತಿದೀನಿ, ಈ ವಾಸ್ನೆ ಡಿಪಾರ್ಟ್‌ಮೆಂಟಿಂದಲ್ಲ, ಇದು ಎಲ್ಲೋ ಮನೇದು ಅಂತ." ಪುಷ್ಪಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಕಣ್ಣು ಒದ್ದೆಯಾಯಿತು, ಮುಖ್ಯವಾಗಿ ಮನೆ ಉಳಿಯಿತಲ್ಲ ಎಂದು.

ಒಂದು ವಿಷಯ ಗಮನಿಸಿ. ನನ್ನ ಬಾಟಲಿಯಿಂದ ಬಂದರೆ ಅದು ನಾತ. ಅತ್ತೆಯವರ ಕಡುಬಿನಿಂದ ಬಂದರೆ ಅದು ನೆನಪು. ಇರಲಿ.

ಮಾಸ್ತಪ್ಪನವರು ಸಾವರಿಸಿಕೊಂಡು ನನ್ನ ಕಡೆ ತಿರುಗಿದರು. "ಅಲ್ಲ ಸುರೇಂದ್ರ, ಮನೇಲಿ ಭೂಮಿ ಹುಣ್ಣಿಮೆ ಮಾಡಿ ಕೆಳಗಿರೋನಿಗೆ ಒಂದು ಮಾತು ಹೇಳ್ಲಿಲ್ಲ. ಹೋಗ್ಲಿ, ಕೂಗಾದ್ರೂ ಕೂಗಬಾರ್ದಿತ್ತಾ? ಕೂಗಿದ್ರೆ ನಾನೇ ಓಡಿ ಬರ್ತಿದ್ದೆ. ಈ ಸರಳು ಗಿರಳು ಯಾವ್ದೂ ಬೇಕಾಗ್ತಿರ್ಲಿಲ್ಲ."

"ಅಳಿಯಂದ್ರು ಪಿಸುಗುಟ್ಟಿದ್ರು" ಎಂದು ಅತ್ತೆಯವರು ಸಾಕ್ಷಿ ನುಡಿದರು.

ನಾತದ ಆರೋಪದಿಂದ ಪಾರಾದವನು ಪಿಸುಗುಟ್ಟಿದ ಆರೋಪಕ್ಕೆ ಸಿಕ್ಕಿಬಿದ್ದೆ. ಮೆಲ್ಲಗೆ ಟಿಫಿನ್ ಡಬ್ಬಿಯ ಕಡೆ ಸರಿಯುತ್ತಿದ್ದೆ. ಆಗ ಅತ್ತೆಯವರು ಇನ್ನೊಂದು ಬಾಂಬು ಹಾಕಿದರು.

"ಆಗಿದ್ದಾಯ್ತು. ಈಗ ಅಳಿಯಂದ್ರು ಒಂದು ಚೂರು ಬಾಯಿಗೆ ಹಾಕ್ಬೇಕು. ನಮ್ಮಲ್ಲಿ ಕೊಯ್ಲಿನ ದಿನ ಹೂತಿಟ್ಟ ಕಡುಬು ಹುಡ್ಕಿ ತೆಗ್ದು ಮನೆ ಯಜಮಾನ ಪ್ರಸಾದ ಅಂತ ತಿಂತಾನೆ. ನಿಮ್ಮ ಮಾವನೋರು ಒಂದು ವರ್ಷನೂ ಬಿಟ್ಟೋರಲ್ಲ. ಮೇಲಿಂದ, ನೀವೇ ತಿಂತೀನಿ ಅಂದಿದ್ದು ಕೋಣೆಗೆ ಕೇಳ್ತು."

ಕೊನೆಯ ಆಸೆಯಿಂದ ಶ್ಯಾಮಲಾಳ ಕಡೆ ನೋಡಿದೆ. ವಿಜ್ಞಾನದ ಟೀಚರು. ಸೂಕ್ಷ್ಮಜೀವಿಗಳ ಪಾಠವನ್ನು ವರ್ಷವರ್ಷ ಮಾಡುವವಳು. ಬೂಷ್ಟು, ಬ್ಯಾಕ್ಟೀರಿಯಾ, ಎಲ್ಲ ಬಲ್ಲವಳು. ಒಂದು ಮಾತು ಆಡಿದರೆ ನಾನು ಉಳಿದೆ.

ಅವಳು ಜಡೆಯ ತುದಿಗೆ ರಬ್ಬರ್ ಬ್ಯಾಂಡು ಹಾಕಿ ಹೇಳಿದಳು. "ಪೂರ್ತಿ ಸಾವಯವ ಅಲ್ವೇನ್ರೀ? ಒಂದು ತೊಟ್ಟು ಕೆಮಿಕಲ್ ಇಲ್ಲ. ಎಂತೂ ಆಗಲ್ಲ, ಹಾಕ್ಕೊಳ್ಳಿ."

ತಿಂದೆ. ಹುಣಸೆ ಬೀಜದಷ್ಟು. ಮೊದಲು ಹುಳಿ, ಆಮೇಲೆ ಬೆಲ್ಲ, ಆಮೇಲೆ ಮಣ್ಣು, ಕಡೆಗೆ ಮೂಗಿನ ತುದಿಯವರೆಗೆ ಏನೋ ಜುಮ್ಮೆಂದು ಏರಿತು. ಕಣ್ಣಲ್ಲಿ ನೀರು ಬಂತು. ಭಕ್ತಿ ಎಂದು ಅತ್ತೆಯವರು ಸಂತೋಷಪಟ್ಟರು. ಮಾಸ್ತಪ್ಪನವರು ಹತ್ತಿರ ಬಂದು ನನ್ನ ಉಸಿರು ಮೂಸಿ, ಅನುಭವಿಯ ಧ್ವನಿಯಲ್ಲಿ "ಚೆನ್ನಾಗಿ ಬಂದಿದೆ. ಇವತ್ತು ಸ್ಕೂಟರ್ ಮುಟ್ಬೇಡಿ" ಎಂದರು. ಆಮೇಲೆ ಭುಜ ಹಿಡಿದು ಬಾಲ್ಕನಿಗೆ ಕರೆದೊಯ್ದರು.

"ಈಗ ಬಾಕಿ ಇರೋ ಕೂಗು ಕೂಗಿ. ಬಾಯಿ ಬಿಟ್ಟು!"

ಮನೆ ಉಳಿಸಿಕೊಳ್ಳಬೇಕಾದವನು ಎಲ್ಲವನ್ನೂ ಮಾಡುತ್ತಾನೆ. ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಹೂಊಊಯ್!"

ಕಣ್ಣು ತೆರೆದರೆ ಕೆಳಗೆ ರಸ್ತೆಯಲ್ಲಿ, ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು, ತಲೆಯೆತ್ತಿ ನಿಂತಿದ್ದರು ನಮ್ಮ ಮ್ಯಾನೇಜರ್ ಉಮೇಶ್ ಸಾರ್.

ಆಫೀಸಿಗೆ ನಡೆದೇ ಹೋದೆ. ಹೋದ ಕೂಡಲೇ ಕರೆ ಬಂತು. ಉಮೇಶ್ ಸಾರ್ ಒಮ್ಮೆ ಮೂಗಿನಿಂದ ಗಾಳಿ ಎಳೆದುಕೊಂಡು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಸುರೇಂದ್ರ, ಮನೇಲಿ ಎಲ್ಲ ಸರಿ ಇದೆಯಾ?"

ಸತ್ಯಕ್ಕೆ ಸಾವಿಲ್ಲ ಎಂದು ನಂಬಿ ಸತ್ಯವನ್ನೇ ಹೇಳಿದೆ. "ಸಾರ್, ನೀವು ತಿಳ್ಕೊಂಡ ಹಾಗಲ್ಲ. ನಮ್ಮ ಹಾಲ್‌ನಲ್ಲಿ ಪೀಸ್ ಲಿಲಿ ಬಸುರಿಯಾಗಿತ್ತು. ನನ್ನ ಹೆಂಡತಿ ತಾಳಿ ತೆಗೆದು ಅದಕ್ಕೆ ಹಾಕಿದಳು. ಆವಾಗ ನಾನು ಅದರ ಹತ್ತಿರ ಪಿಸುಗುಟ್ಟಿದೆ. ಅದು ತಪ್ಪಾಯ್ತು ಅಂತ ಅಬಕಾರಿಯವರು ಬಂದು ರೇಡ್ ಮಾಡಿ, ಮಣ್ಣಲ್ಲಿ ಹೂತಿದ್ದ ಕಡುಬು ತಿನ್ನಿಸಿ, ಬಾಲ್ಕನಿಯಲ್ಲಿ ನಿಲ್ಲಿಸಿ ಕೂಗಿಸಿದರು."

ಒಂದೊಂದು ಮಾತೂ ಸತ್ಯ. ಹೇಳುತ್ತಾ ಹೋದ ಹಾಗೆ ಉಮೇಶ್ ಸಾರ್ ಮುಖದಲ್ಲಿ ಮರುಕ ಹೆಚ್ಚುತ್ತಾ ಹೋಯಿತು. ಬಹಳ ಮೃದುವಾಗಿ "ಇವತ್ತು ರಜೆ ತಗೊಳ್ಳಿ, ಮಜ್ಜಿಗೆ ಕುಡ್ದು ಮಲಗಿ. ಒಬ್ರೇ ಹೋಗ್ಬೇಡಿ" ಎಂದು, ಗುಮಾಸ್ತ ಶೇಷಪ್ಪನನ್ನು ಕರೆದು ನನ್ನನ್ನು ಆಟೋದಲ್ಲಿ ಹಿಡಿದು ಕೂರಿಸಿಕೊಂಡು ಮನೆ ಮುಟ್ಟಿಸುವಂತೆ ಹೇಳಿದರು. ಶೇಷಪ್ಪ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ. ಪೀಸ್ ಲಿಲಿಯ ಮೊಗ್ಗು ಬಿರಿದು, ಬೆಳ್ಳಗೆ ಒಂದು ಹೂವು ನಿಂತಿತ್ತು. ನಿಜ ಹೇಳುತ್ತೇನೆ, ನನ್ನ ಯಾವ ಬಾಟಲಿಯೂ ಅಂಥ ಹೂವು ತರಿಸಿರಲಿಲ್ಲ. ಅತ್ತೆಯವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಬಾಣಂತಿಯ ತಾಯಿಯಂತೆ ಕೂತಿದ್ದರು. ಪಕ್ಕದಲ್ಲಿ ತಟ್ಟೆ, ಅದರ ತುಂಬ ಹಬೆಯಾಡುವ ಕಡುಬು. ಪುಷ್ಪಮ್ಮನವರು ಮಾಡಿ ಕಳಿಸಿದ್ದಂತೆ. ಮಾಸ್ತಪ್ಪನವರಂತೂ ಎರಡು ಸಲ ಬಂದು ಬಾಕಿ ಯಾವಾಗ ಹೂಳುವುದು ಎಂದು ವಿಚಾರಿಸಿ ಹೋಗಿದ್ದರಂತೆ.

"ಬಂದ್ರಾ? ಒಳ್ಳೇದಾಯ್ತು" ಎಂದರು ಅತ್ತೆಯವರು. "ಕೆಳಗಿನ ಸಾಲಿನೋರು ಉಪವಾಸ ಇದಾರೆ. ನನಗೆ ಬಗ್ಗಕ್ಕಾಗಲ್ಲ, ನೀವು ಬಗ್ಗಿ. ಇದನ್ನ ಮಾತ್ರ ಕೊಯ್ಲಿನ ತನಕ ಯಾರೂ ಮುಟ್ಟಬಾರ್ದು."

ಬಗ್ಗಿದೆ. ಮಣ್ಣು ಕೆದಕಿದೆ. ಕಡುಬು ಕೈಯಲ್ಲಿ ಹಿಡಿದಾಗ ಒಂದು ಅನುಮಾನ ಬಂತು. "ಅತ್ತೆಮ್ಮ, ಇವಕ್ಕೆ ಹೂವಿಲ್ಲ, ಕಾಯಿಲ್ಲ. ಇವಕ್ಕೆ ಕೊಯ್ಲು ಅಂದ್ರೆ ಯಾವಾಗ?"

ಊಟಕ್ಕೆ ಬಂದಿದ್ದ ಶ್ಯಾಮಲಾ ಅಡುಗೆಮನೆಯಿಂದ, ಬಿಸಿ ಅನ್ನ ಬಡಿಸಿಕೊಳ್ಳುತ್ತಲೇ, ಉತ್ತರ ಕೊಟ್ಟಳು.

"ನಿಮಗೆ ಹಸಿವಾದಾಗ."